ಹಿಟ್ಟಿನ ಕೋಳಿ ಕೂಗಿದ ಮೇಲೆ: ಜನ್ನನ ಕಾವ್ಯದಿಂದ ರಾಕ್ ಕಾನ್ಸೆಪ್ಟ್ ಆಲ್ಬಮ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಪಾಪ ಮತ್ತು ಶಿಕ್ಷೆಯ ಮೇಲೆ ಕಾನ್ಸೆಪ್ಟ್ ಆಲ್ಬಮ್, ಅಂದರೆ ಹಾಡುಗಳೆಲ್ಲ ಸೇರಿ ಒಂದೇ ಕಥೆ ಹೇಳುವ ಆಲ್ಬಮ್, ಮಾಡಲು ಹೊರಟ ಬ್ಯಾಂಡ್ ಮೊದಲು ಕೈಹಾಕುವುದು ಸಾಮಾನ್ಯವಾಗಿ ನರಕದ ಚಿತ್ರಗಳಿಗೆ. ಬೆಂಕಿ, ಯಮದೂತರು, ಕಾದ ಎಣ್ಣೆಯ ಕೊಪ್ಪರಿಗೆ. ಮೂರನೇ ಹಾಡಿಗೇ ಸರಕು ಮುಗಿದಿರುತ್ತದೆ, ಏಕೆಂದರೆ ಅಲ್ಲಿ ಶಿಕ್ಷೆ ಇದೆ, ಶಿಕ್ಷೆ ಅನುಭವಿಸುವ ಮನುಷ್ಯನಿಲ್ಲ. ಕನ್ನಡದಲ್ಲಿ ಹಾಡುವ ಬ್ಯಾಂಡ್‌ಗೆ ಇದಕ್ಕಿಂತ ಗಟ್ಟಿಯಾದ ವಸ್ತು ಎಂಟು ಶತಮಾನಗಳಿಂದ ಕಾದು ಕುಳಿತಿದೆ: 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಜನ್ನ ಬರೆದ ‘ಯಶೋಧರ ಚರಿತೆ’. ಅಲ್ಲಿ ಅರಸ ಯಶೋಧರ ಕಡಿಯುವುದು ಹಿಟ್ಟಿನಿಂದ ಮಾಡಿದ ಕೋಳಿಯನ್ನು. ರಕ್ತವೇ ಇಲ್ಲದ ಆ ಕೊಲೆಗೆ ಅವನೂ ಅವನ ತಾಯಿಯೂ ಜನ್ಮ ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಕೈಯಿಂದ ಮಾಡದಿದ್ದರೂ ಮನಸ್ಸು ಒಪ್ಪಿದರೆ ಅದು ಹಿಂಸೆಯೇ, ಸಂಕಲ್ಪ ಹಿಂಸೆ, ಎಂಬುದು ಕಾವ್ಯದ ತಿರುಳು.

ರಾಕ್‌ಗೆ ಈ ಕಥೆ ಒಗ್ಗಲು ಇನ್ನೊಂದು ಕಾರಣವಿದೆ. ಇದರ ಮೂರು ದೊಡ್ಡ ತಿರುವುಗಳೂ ಕಿವಿಯ ಮೂಲಕವೇ ಬರುತ್ತವೆ. ರಾಣಿ ಅಮೃತಮತಿ ಮಾವುತನ ಮೇಲೆ ಮನಸ್ಸಿಡುವುದು ರಾತ್ರಿ ಅವನ ಹಾಡು ಕೇಳಿ. ಹಿಟ್ಟಿನ ಕೋಳಿಯನ್ನು ಕಡಿದಾಗ ಅದು ಕೂಗುತ್ತದೆ. ಕೊನೆಯಲ್ಲಿ ಕೋಳಿಗಳಾಗಿ ಹುಟ್ಟಿದ ತಾಯಿ-ಮಗ ಕೂಗಿದ ಸದ್ದಿಗೆ ಗುರಿಯಿಟ್ಟು ಯಶೋಧರನ ಸ್ವಂತ ಮಗ ಯಶೋಮತಿಯೇ ಬಾಣ ಬಿಡುತ್ತಾನೆ. ಹಾಡು, ಕೂಗು, ಮತ್ತೆ ಕೂಗು: ಆಲ್ಬಮ್‌ನ ಎಲುಬು ಇಷ್ಟೇ. ಮುಂದಿನ ಹಂತಗಳೆಲ್ಲ ಇದನ್ನು ಮುರಿಯದೆ ಕಟ್ಟುವ ಬಗೆ.

1. ಪಾಪ ಯಾವುದು, ಯಾರದು: ಒಂದೇ ವಾಕ್ಯದಲ್ಲಿ ಬರೆಯಿರಿ

ಗಿಟಾರ್ ಮುಟ್ಟುವ ಮೊದಲು ಬ್ಯಾಂಡ್‌ನ ಎಲ್ಲರೂ ಬೇರೆ ಬೇರೆ ಕಾಗದದಲ್ಲಿ ಈ ಪ್ರಶ್ನೆಗೆ ಉತ್ತರ ಬರೆಯಲಿ: ಇಲ್ಲಿ ಪಾಪ ಮಾಡಿದವರು ಯಾರು? ‘ಅಮೃತಮತಿ’ ಎಂದು ಯಾರಾದರೂ ಬರೆದರೆ ಅಲ್ಲೇ ನಿಂತು ಮಾತಾಡಿ ಮುಗಿಸಿ. ದಾರಿತಪ್ಪಿದ ಹೆಂಡತಿಯ ಕಥೆಯಾಗಿ ಹೇಳಿದರೆ ಮುಂದಿನ ಹಾಡುಗಳ ಶಿಕ್ಷೆಗೆ ಕಾರಣವೇ ಉಳಿಯುವುದಿಲ್ಲ, ಏಕೆಂದರೆ ಶಿಕ್ಷೆಯ ಜನ್ಮಗಳನ್ನು ಕಾವ್ಯ ಹಿಂಬಾಲಿಸುವುದು ಯಶೋಧರ ಮತ್ತು ತಾಯಿ ಚಂದ್ರಮತಿಯನ್ನು. ಹೆಂಡತಿಯನ್ನು ಮಾವುತನ ಜೊತೆ ಕಂಡ ಯಶೋಧರ ತಾಯಿಗೆ ನಿಜ ಹೇಳದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ತಾಯಿ ಪ್ರಾಣಿಬಲಿ ಕೊಡು ಎನ್ನುತ್ತಾಳೆ. ಅವನು ಒಲ್ಲೆನೆನ್ನುತ್ತಾನೆ, ಕಡೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಆ ಒಪ್ಪಿಗೆಯೇ ಪಾಪ. ನಿಮ್ಮ ವಾಕ್ಯ ಹೀಗಿರಲಿ: ‘ಬೇಡವೆಂದು ಗೊತ್ತಿದ್ದೂ ತಾಯಿಯ ಮಾತಿಗೆ ಕತ್ತಿ ಎತ್ತಿದವನ ಕಥೆ.’ ಇದನ್ನು ಅಭ್ಯಾಸದ ಕೋಣೆಯ ಗೋಡೆಗೆ ಅಂಟಿಸಿ.

ಇಲ್ಲಿ ನ್ಯಾಯಾಧೀಶನಿಲ್ಲ ಎಂಬುದೂ ನೆನಪಿರಲಿ. ಪಿಂಕ್ ಫ್ಲಾಯ್ಡ್ 1979ರ ‘ದಿ ವಾಲ್’ ಆಲ್ಬಮ್‌ನ ಕೊನೆಯಲ್ಲಿ ಒಂದು ವಿಚಾರಣೆ ನಡೆಸಿ ತೀರ್ಪು ಕೊಡಿಸಿತು. ಜನ್ನನಲ್ಲಿ ತೀರ್ಪು ಓದುವವರೇ ಇಲ್ಲ, ಕರ್ಮ ತಾನಾಗಿ ಹಣ್ಣಾಗುತ್ತದೆ. ಆದ್ದರಿಂದ ಗುಡುಗಿನಂಥ ದೇವರ ಕಂಠ, ಯಮನ ಸಭೆ, ಗಂಟೆಯ ಸದ್ದು, ಇವು ಯಾವುವೂ ಬೇಡ. ಶಿಕ್ಷೆ ಎಂದರೆ ಅದೇ ರಾಗದ ತುಂಡು ಬೇರೆ ಬೇರೆ ಮೈಯಲ್ಲಿ ಮರಳಿ ಬರುವುದು.

2. ಹತ್ತು ಹಾಡು, 42 ನಿಮಿಷ

12 ಇಂಚಿನ ವಿನೈಲ್‌ನ ಒಂದು ಬದಿಗೆ 18ರಿಂದ 22 ನಿಮಿಷ ಚೆನ್ನಾಗಿ ಕೂರುತ್ತದೆ. ವಿನೈಲ್ ಒತ್ತಿಸದಿದ್ದರೂ ಈ ಮಿತಿ ಒಳ್ಳೆಯದು, ನಡುವೆ ಒಂದು ಉಸಿರು ಸಿಗುತ್ತದೆ. ಮೊದಲ ಬದಿ ಪಾಪ, ಎರಡನೆಯದು ಶಿಕ್ಷೆ.

ಮೊದಲ ಬದಿ: ಮಾರಿಯ ಅಂಗಳ (3:30), ರಾತ್ರಿಯ ಹಾಡು (5:00), ಸುಳ್ಳು ಕನಸು (4:00), ಹಿಟ್ಟಿನ ಕೋಳಿ (6:00), ವಿಷ (2:30).

ಎರಡನೇ ಬದಿ: ನವಿಲು ಮತ್ತು ನಾಯಿ (3:30), ನೀರಿನ ಜನ್ಮ (4:00), ಕೊಂಬು (3:30), ಸದ್ದಿಗೆ ಬಿಟ್ಟ ಬಾಣ (5:00), ಮತ್ತೆ ಮಾರಿಯ ಅಂಗಳ (5:00).

ಮೊದಲ ಮತ್ತು ಕೊನೆಯ ಹಾಡು ಚೌಕಟ್ಟು. ಚಂಡಮಾರಿಗೆ ಬಲಿ ಕೊಡಲು ಅರಸ ಮಾರಿದತ್ತನ ಮುಂದೆ ತಂದು ನಿಲ್ಲಿಸಿದ ಇಬ್ಬರು ಎಳೆಯರು ಅಭಯರುಚಿ ಮತ್ತು ಅಭಯಮತಿ. ಅಭಯರುಚಿಯೇ ಹಿಂದೆ ಯಶೋಧರನಾಗಿದ್ದವನು, ಕಥೆ ಹೇಳುವವನೂ ಅವನೇ. ಕತ್ತಿ ಎತ್ತಿದ ಅರಸನೊಬ್ಬನಿಗೆ ಹಿಂದೊಮ್ಮೆ ಕತ್ತಿ ಎತ್ತಿದ್ದ ಅರಸ ಹೇಳುವ ಕಥೆ ಇದು. ಈ ಎದುರುಬದುರು ಕೇಳುಗರಿಗೆ ಮೊದಲ ಹಾಡಿನಲ್ಲೇ ಗೊತ್ತಾಗಬಾರದು, ಹತ್ತನೆಯದರಲ್ಲಿ ಹೊಳೆಯಬೇಕು.

ಎಲ್ಲ ಜನ್ಮಗಳಿಗೂ ಒಂದೊಂದು ಹಾಡು ಕೊಡುವ ಆಸೆ ಬರುತ್ತದೆ, ಬಿಡಿ. ನವಿಲಾಗಿದ್ದ ಮಗನನ್ನು ನಾಯಿಯಾಗಿದ್ದ ತಾಯಿ ಕೊಲ್ಲುವ ಜನ್ಮಕ್ಕೆ ಪೂರ್ತಿ ಹಾಡು ಬೇಕು. ಮುಳ್ಳುಹಂದಿ-ಹಾವಿನ ಜನ್ಮಕ್ಕೆ ಅದೇ ಹಾಡಿನ ಕೊನೆಯ 40 ಸೆಕೆಂಡಿನ ವಾದ್ಯಭಾಗ ಸಾಕು. ಮೀನು-ಮೊಸಳೆಗೆ ಒಂದು, ಆಡು-ಹೋತ-ಕೋಣಗಳ ಜನ್ಮಗಳೆಲ್ಲ ಸೇರಿ ಒಂದು.

3. ರಾಗ ಮತ್ತು ಶ್ರುತಿ

ಮುಖ್ಯ ಹಾಡುಗಳಿಗೆ ಶುಭಪಂತುವರಾಳಿ ತೆಗೆದುಕೊಳ್ಳಿ, ಕರ್ನಾಟಕ ಸಂಗೀತದ 45ನೇ ಮೇಳರಾಗ. ಗಿಟಾರನ್ನು ಡ್ರಾಪ್ ಡಿ ಶ್ರುತಿಗೆ ಇಳಿಸಿ, ಅಂದರೆ ಆರನೇ ತಂತಿ ಮಾತ್ರ ಇ-ಯಿಂದ ಡಿ-ಗೆ. ಷಡ್ಜ ಡಿ ಆದಾಗ ಸ್ವರಗಳು: ಡಿ, ಇ ಫ್ಲ್ಯಾಟ್, ಎಫ್, ಜಿ ಶಾರ್ಪ್, ಎ, ಬಿ ಫ್ಲ್ಯಾಟ್, ಸಿ ಶಾರ್ಪ್. ತೆರೆದ ಆರನೇ ತಂತಿ ತಂಬೂರಿಯ ಕೆಲಸ ಮಾಡುತ್ತದೆ.

ಹೆಚ್ಚಿನ ಬ್ಯಾಂಡ್‌ಗಳು ಎಡವುವುದು ಇಲ್ಲೇ. ಪವರ್ ಕಾರ್ಡ್‌ನಲ್ಲಿ ಮೂಲಸ್ವರದ ಜೊತೆ ಅದರ ಪಂಚಮವೂ ನುಡಿಯುತ್ತದೆ. ಈ ರಾಗದಲ್ಲಿ ಡಿ, ಇ ಫ್ಲ್ಯಾಟ್, ಜಿ ಶಾರ್ಪ್, ಬಿ ಫ್ಲ್ಯಾಟ್ ಮತ್ತು ಸಿ ಶಾರ್ಪ್ ಮೇಲಿನ ಪವರ್ ಕಾರ್ಡ್‌ಗಳ ಎರಡೂ ಸ್ವರ ರಾಗದೊಳಗೇ ಇವೆ. ಎಫ್ ಮೇಲೆ ಹಿಡಿದರೆ ಸಿ ಬರುತ್ತದೆ, ಎ ಮೇಲೆ ಹಿಡಿದರೆ ಶುದ್ಧ ಇ ಬರುತ್ತದೆ, ಎರಡೂ ಹೊರಗಿನವು. ರಾಕ್ ಗಿಟಾರಿಸ್ಟನ ಕೈ ಅಭ್ಯಾಸಬಲದಿಂದ ಓಡುವುದು ಎ ಕಾರ್ಡ್‌ಗೇ, ಅಷ್ಟರಲ್ಲಿ ಚತುಶ್ರುತಿ ರಿಷಭ ನುಸುಳಿ ರಾಗ ಕೆಡುತ್ತದೆ. ಎಫ್ ಮತ್ತು ಎ ಬರುವಲ್ಲಿ ಒಂಟಿ ಸ್ವರವನ್ನೋ ಮೇಲಿನ ಸ್ಥಾಯಿಯ ಅದೇ ಸ್ವರ ಸೇರಿಸಿಯೋ ನುಡಿಸಿ. ಡಿ ಮೊಳಗುತ್ತಿರುವಾಗ ಡಿಸ್ಟಾರ್ಷನ್‌ನಲ್ಲಿ ಇ ಫ್ಲ್ಯಾಟ್ ಎಳೆದು ಹಿಡಿದರೆ ಎರಡು ಸ್ವರಗಳೂ ಗುದ್ದಾಡಿ ಸದ್ದು ಗೊರಗೊರ ಎನ್ನುತ್ತದೆ. ಅದನ್ನು ನಾಲ್ಕನೇ ಹಾಡಿಗೆ ಮೀಸಲಿಡಿ, ಉಳಿದೆಡೆ ರಿಷಭ ಚಿಕ್ಕದಾಗಿ ಹೋಗಲಿ.

ಮಾವುತನ ಹಾಡಿಗೆ ಒಂದು ಪದಗುಚ್ಛ: ಪ ದ ಪ ಮ ಗ ರಿ ಸ. ಎರಡನೇ ಹಾಡಿನಲ್ಲಿ ಇದನ್ನು ವಾದ್ಯವಿಲ್ಲದ ಒಂದೇ ಕಂಠ ದೂರದಿಂದ ಹಾಡಲಿ. ನವಿಲಿನ ಹಾಡಿನಲ್ಲಿ ಅದು ಗಿಟಾರಿಗೆ, ನೀರಿನ ಜನ್ಮದಲ್ಲಿ ಅರ್ಧ ವೇಗದಲ್ಲಿ ಬೇಸ್‌ಗೆ, ‘ಕೊಂಬು’ವಿನಲ್ಲಿ ಬರೀ ಲಯವಾಗಿ ಡ್ರಮ್‌ಗೆ. ಫ್ರೆಟ್‌ಗಳ ಮೇಲೆ ಗಮಕ ಬರಬೇಕಾದರೆ ಕೆಳಗಿನ ಸ್ವರ ಒತ್ತಿ ತಂತಿಯನ್ನು ಮೇಲಕ್ಕೆ ಎಳೆಯಬೇಕು. ಶುದ್ಧ ಧೈವತಕ್ಕೆ ಪಂಚಮದಿಂದ ಅರ್ಧಸ್ವರ ಎಳೆದರೆ ಸಾಕು. ಹೊಸ ತಂತಿ ಹಾಕಿದ ದಿನ ಇದನ್ನು ರೆಕಾರ್ಡ್ ಮಾಡಬೇಡಿ, ಎಳೆದ ತಂತಿ ಶ್ರುತಿಗೆ ಮರಳುವುದಿಲ್ಲ.

ಇನ್ನು ಕೊನೆ. ಹತ್ತನೇ ಹಾಡಿನಲ್ಲಿ ಮಾರಿದತ್ತನ ಮನಸ್ಸು ಬಲಿಯಿಂದ ತಿರುಗಿದ ಕ್ಷಣ ಗಾಂಧಾರವನ್ನು ಅರ್ಧಸ್ವರ ಏರಿಸಿ, ಮಧ್ಯಮವನ್ನು ಅರ್ಧಸ್ವರ ಇಳಿಸಿ. ಉಳಿದ ಸ್ವರಗಳು ಹಾಗೆಯೇ ಇದ್ದು ಶುಭಪಂತುವರಾಳಿ ಮಾಯಾಮಾಳವಗೌಳವಾಗುತ್ತದೆ, ಸಂಗೀತ ಕಲಿಯುವ ಮಕ್ಕಳು ಮೊದಲ ದಿನ ಸರಳೆ ವರಸೆ ಹಾಡುವ ರಾಗ. 40 ನಿಮಿಷ ಮಡುಗಟ್ಟಿದ್ದ ನೋವು ಎರಡು ಸ್ವರಗಳಲ್ಲಿ ಬಿಡಿಸಿಕೊಳ್ಳುವುದನ್ನು ರಾಗದ ಹೆಸರು ತಿಳಿಯದವರೂ ಕೇಳಿಸಿಕೊಳ್ಳುತ್ತಾರೆ. ಇದಕ್ಕಾಗಿ ಅದಕ್ಕೂ ಮೊದಲು ಎಲ್ಲೂ ಎಫ್ ಶಾರ್ಪ್ ನುಡಿಸಕೂಡದು, ಸೋಲೋದಲ್ಲಿ ಕೂಡ.

4. ಸಾಹಿತ್ಯ: ಕಂದಪದ್ಯವನ್ನು ಬಾರ್‌ಗಳಿಗೆ ಹೊಂದಿಸುವುದು

ಹಳಗನ್ನಡ ರಾಕ್‌ಗೆ ಒಗ್ಗದು ಎನ್ನುವವರು ಮಾತ್ರೆ ಎಣಿಸಿ ನೋಡಿಲ್ಲ. (ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು.) ಜನ್ನನ ಕಾವ್ಯ ಹೆಚ್ಚಾಗಿ ಕಂದಪದ್ಯದಲ್ಲಿದೆ. ಕಂದದ ನಾಲ್ಕು ಸಾಲುಗಳಿಗೆ 12, 20, 12, 20 ಮಾತ್ರೆ, ಒಟ್ಟು 64. ಒಂದು ಬೀಟಿಗೆ 2 ಮಾತ್ರೆ ಇಟ್ಟರೆ 4/4ರ ಒಂದು ಬಾರ್‌ಗೆ 8, ಅಂದರೆ ಇಡೀ ಕಂದ ಸರಿಯಾಗಿ 8 ಬಾರ್. 96 ಬಿಪಿಎಂ (ನಿಮಿಷಕ್ಕೆ 96 ಬೀಟ್) ವೇಗದಲ್ಲಿ ಒಂದು ಪದ್ಯಕ್ಕೆ 20 ಸೆಕೆಂಡು. ಬಹಳ ಜನರಿಗೆ ಬಾಯಿಪಾಠವಿರುವ ಅರ್ಧಪದ್ಯವನ್ನೇ ನೋಡಿ:

ಮನಸಿಜ ನಮಾಯೆ | ವಿಧಿವಿಳ ಸನದನೆ | ರಂಬಡೆ ಯೆಕೊಂದು | ಕೂಗದೆ ನರರಂ

ನಾಲ್ಕು ಬಾರ್, ಒಂದು ಮಾತ್ರೆಯೂ ಉಳಿಯಲಿಲ್ಲ. ಮೂರನೇ ಬಾರ್ ಗಮನಿಸಿ. ಕಂದದ ಪ್ರತಿ ಅರ್ಧದ ಆರನೇ ಗಣ (ನಾಲ್ಕು ಮಾತ್ರೆಯ ಗುಂಪು) ಜಗಣ, ಅಂದರೆ ಲಘು-ಗುರು-ಲಘು, ಆಗಿರಬೇಕು ಅಥವಾ ನಾಲ್ಕೂ ಲಘುಗಳಿರಬೇಕು ಎಂಬುದು ನಿಯಮ. ಇಲ್ಲಿ ‘ಯೆಕೊಂದು’ ಜಗಣ, ನಡುವೆ ಗುರು. ಹಾಗಾಗಿ ‘ಕೊಂ’ ಮೂರನೇ ಬೀಟಿನ ಅರ್ಧದಲ್ಲಿ ಎದ್ದು ನಾಲ್ಕನೇ ಬೀಟನ್ನು ದಾಟುತ್ತದೆ. ರಾಕ್ ಡ್ರಮ್ಮರ್‌ಗಳು ಬೇಕೆಂದೇ ಹುಡುಕುವ ಎದುರುಬಡಿತ ಇದು, ಅದೂ ಕೊಲ್ಲುವ ಪದದ ಮೇಲೆ! ಡ್ರಮ್ಮರ್ ಎಂದಿನಂತೆ ನಾಲ್ಕಕ್ಕೆ ಸ್ನೇರ್ ಹೊಡೆದರೆ ಏಟು ಅಕ್ಷರದ ಹೊಟ್ಟೆಗೆ ಬೀಳುತ್ತದೆ. ಆ ಒಂದು ಬಾರ್‌ನಲ್ಲಿ ಸ್ನೇರ್ ಅರ್ಧ ಬೀಟ್ ಮುಂಚೆ ಬರಲಿ.

ಮೊದಲ ಬದಿಯೆಲ್ಲ ಕಂದದ ಲಯದಲ್ಲಿರಲಿ. ಎರಡನೇ ಬದಿಯಲ್ಲಿ ಜನ್ಮ ಬದಲಾದಂತೆ ಗಣವೂ ಬದಲಾಗಲಿ: ನವಿಲು-ನಾಯಿಗೆ ಮೂರು ಮಾತ್ರೆಯ ಉತ್ಸಾಹ ರಗಳೆಯ ನಡೆ, ಅಂದರೆ 12/8. ಕೊಂಬಿಗೆ ಐದು ಮಾತ್ರೆಯ ಲಲಿತ ರಗಳೆ, 5/8. ನೀರಿನ ಜನ್ಮಕ್ಕೆ ಭಾಮಿನಿ ಷಟ್ಪದಿ, 3+4 ಮಾತ್ರೆ, ಸಹಜವಾಗಿ 7/8. ಭಾಮಿನಿಯ ಮೊದಲೆರಡು ಸಾಲು ತಲಾ 14 ಮಾತ್ರೆ, ಅಂದರೆ ತಲಾ ಎರಡು ಬಾರ್. ಮಾದರಿಗೆ:

ನೀರ ಮೇಲಿನ ನೆರಳ ಕಂಡೆನು
ಯಾರ ಕೊರಳಿದು ಮರಳಿ ಬಂದುದು

ಮೂರನೇ ಸಾಲಿಗೆ 21 ಮಾತ್ರೆಯ ಮೇಲೊಂದು ಗುರು, 23. ನಾಲ್ಕು ಬಾರ್ ತುಂಬಲು 5 ಮಾತ್ರೆ ಖಾಲಿ ಉಳಿಯುತ್ತದೆ. ಆ ಖಾಲಿಯಲ್ಲಿ ಬೇಸ್ ಮಾವುತನ ಪದಗುಚ್ಛದ ಬಾಲವನ್ನು ನುಡಿಸಲಿ. ಕೊನೆಯ ಗುರುವನ್ನೇ ಎಳೆದು ಜಾಗ ತುಂಬಿದರೆ ಉಸಿರಿಗೆ ಎಡೆಯಿಲ್ಲದೆ ಹಾಡುಗಾರ ಎರಡನೇ ಪದ್ಯಕ್ಕೇ ಸೋಲುತ್ತಾನೆ.

ಆದಿಪ್ರಾಸ ಉಳಿಸಿಕೊಳ್ಳಿ. ಸಾಲಿನ ಕೊನೆಗೆ ಪ್ರಾಸ ಕಟ್ಟುವ ಹಟದಲ್ಲಿ ಕನ್ನಡ ಕ್ರಿಯಾಪದಗಳೆಲ್ಲ ‘ತ್ತೆ, ತ್ತೆ’ ಎಂದು ಮುಗಿದು ಬೇಸರ ತರಿಸುತ್ತವೆ, ಎರಡನೇ ಅಕ್ಷರದ ಪ್ರಾಸಕ್ಕೆ ಆ ಬಾಧೆಯಿಲ್ಲ.

ಹ್ರಸ್ವವನ್ನು ದೀರ್ಘ ಮಾಡುವ ರಾಕ್ ಚಾಳಿ ಈ ಆಲ್ಬಮ್‌ನಲ್ಲಿ ತುಂಬ ಅಪಾಯ. ‘ಮರಿ’ ಎಳೆದರೆ ‘ಮಾರಿ’ ಆಗುತ್ತದೆ, ಬಲಿಯಾಗುವ ಜೀವ ಬಲಿ ಬೇಡುವ ದೇವತೆಯಾಗಿಬಿಡುತ್ತದೆ. ಎಳೆಯಬೇಕಾದ ಕಡೆ ದೀರ್ಘಾಕ್ಷರವಿರುವ ಪದವನ್ನೇ ಆರಿಸಿ. ಒತ್ತಕ್ಷರಗಳನ್ನು ಎರಡು ಏಟಿನಂತೆ ಹಾಡಿ: ‘ಹಿಟ್ಟು’ವಿನ ‘ಟ್ಟ’ ಸಡಿಲವಾದರೆ ಪದ ಗಿಟಾರಿನಡಿ ಕರಗುತ್ತದೆ.

ಹಕ್ಕಿನ ವಿಷಯವನ್ನೂ ಇಲ್ಲೇ ಮುಗಿಸಿಕೊಳ್ಳಿ. ಜನ್ನನ ಮೂಲಪದ್ಯಗಳನ್ನು ಯಾರೂ ಬಳಸಬಹುದು. ಆಧುನಿಕ ಸಂಪಾದಕರು ಬರೆದ ಗದ್ಯಾನುವಾದ, ಟಿಪ್ಪಣಿಗಳಿಗೆ ಹಕ್ಕುಸ್ವಾಮ್ಯ ಇರಬಹುದು. ಭಾರತದಲ್ಲಿ ಅದು ಲೇಖಕರು ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. ಇದೇ ಕಥೆಯ ಮೇಲೆ ಗಿರೀಶ ಕಾರ್ನಾಡರು ಬರೆದ ‘ಹಿಟ್ಟಿನ ಹುಂಜ’ ನಾಟಕದ ಮಾತುಗಳನ್ನು ಅನುಮತಿಯಿಲ್ಲದೆ ಎತ್ತಿಕೊಳ್ಳುವಂತಿಲ್ಲ.

5. ಕಂಠಗಳು

ಅಭಯರುಚಿ, ಯಶೋಧರ ಮತ್ತು ಅವನ ಎಲ್ಲ ಪ್ರಾಣಿಜನ್ಮಗಳಿಗೆ ಒಬ್ಬನೇ ಹಾಡುಗಾರ. ಚಂದ್ರಮತಿ, ಅವಳ ಜನ್ಮಗಳು ಮತ್ತು ಅಭಯಮತಿಗೆ ತಗ್ಗು ಶ್ರುತಿಯ ಹೆಣ್ಣುಕಂಠ ಒಂದು. ಅಮೃತಮತಿಗೆ ಬೇರೊಂದು. ಪ್ರಾಣಿಯಾದಾಗ ಕಂಠವನ್ನು ಯಂತ್ರದಿಂದ ವಿಕಾರ ಮಾಡುವುದು ಸುಲಭದ ದಾರಿ, ಆದರೆ ಒಳಗಿರುವುದು ಅದೇ ಜೀವ ಎಂಬುದು ಅಳಿಸಿಹೋಗುತ್ತದೆ. ಅದರ ಬದಲು ಮಾತನ್ನೇ ಕಡಿಮೆ ಮಾಡಿ: ಆರನೇ ಹಾಡಿಗೆ 60 ಪದ, ಏಳಕ್ಕೆ 30, ಎಂಟಕ್ಕೆ 12. ಒಂಬತ್ತನೆಯದರಲ್ಲಿ ಕೋಳಿಗಳಿಗೆ ಹಿಂದಿನ ಜನ್ಮಗಳ ನೆನಪು ಮರಳುತ್ತದೆ, ಮಾತು ಒಮ್ಮೆಲೇ ತುಂಬಿ ಬರಲಿ.

6. ಕೂಗು

ಆಲ್ಬಮ್ ನಿಲ್ಲುವುದು ಅಥವಾ ಬೀಳುವುದು ಇಲ್ಲಿ. ನಾಲ್ಕನೇ ಹಾಡನ್ನು 84 ಬಿಪಿಎಂನಿಂದ ಶುರುಮಾಡಿ ಐದು ನಿಮಿಷದಲ್ಲಿ 112ಕ್ಕೆ ಏರಿಸಿ. ವೇಗವನ್ನು ಮೊದಲೇ ಟೆಂಪೋ ಮ್ಯಾಪ್‌ನಲ್ಲಿ ಬರೆದಿಡಿ, ಡ್ರಮ್ಮರ್‌ನ ಅಂದಾಜಿಗೆ ಬಿಟ್ಟರೆ ಆಮೇಲೆ ಸೇರಿಸುವ ವಾದ್ಯಗಳು ಕೂರುವುದಿಲ್ಲ. ಕತ್ತಿಯ ಏಟಿಗೆ ಎಲ್ಲವೂ ನಿಲ್ಲಲಿ. ಪೂರ್ತಿ 2 ಸೆಕೆಂಡು ಮೌನ. ಆಮೇಲೆ ಕೂಗು.

ಬರೀ ನಿಜವಾದ ಕೋಳಿಯ ಕೂಗು ಹಾಕಿದರೆ ಕೇಳುಗರಿಗೆ ಬೆಳಗಾದ ಹಾಗೆ ಅನಿಸುತ್ತದೆ, ಭಯವಾಗುವುದಿಲ್ಲ. ಮೂರು ಪದರ ಮಾಡಿ: ಸ್ಲೈಡ್ ಗಿಟಾರಿನಲ್ಲಿ ಸ-ಪ-ಮೇಲಿನ ಸ ಹಾರಿ ಕೆಳಗೆ ಜಾರುವ ಎಳೆ, ಅದರ ಮೇಲೆ ಚಂದ್ರಮತಿಯ ಕಂಠ, ಇವೆರಡಕ್ಕಿಂತ 15 ಡಿಬಿ (ಡೆಸಿಬೆಲ್) ಕೆಳಗೆ ನಿಜವಾದ ಕೂಗು. ಒಂಬತ್ತನೇ ಹಾಡಿನಲ್ಲಿ ಇದೇ ಪದರಗಳನ್ನು ತಿರುವುಮುರುವು ಮಾಡಿ, ನಿಜವಾದ ಕೂಗು ಮೇಲೆ, ಉಳಿದೆರಡು ಕೆಳಗೆ. ಆಗ ಬಾಣ ಬೀಳುತ್ತದೆ. ಬಾಣದ ಸದ್ದು ಹಾಕಬೇಡಿ, ಕೂಗು ನಡುವೆಯೇ ಕತ್ತರಿಸಿಹೋಗಲಿ. ಟ್ರ್ಯಾಕ್ ಮ್ಯೂಟ್ ಮಾಡಿದರೆ ರಿವರ್ಬ್ ಮಾತ್ರ ಹಿಂದೆ ಗುಂಯ್‌ಗುಡುತ್ತ ಉಳಿಯುತ್ತದೆ. ಆದ್ದರಿಂದ ರಿವರ್ಬ್ ಸಹಿತ ಇಡೀ ಭಾಗವನ್ನು ಒಂದೇ ಸ್ಟೀರಿಯೋ ಫೈಲ್ ಆಗಿ ಇಳಿಸಿಕೊಂಡು ಅದನ್ನು ಕತ್ತರಿಸಿ, ತುದಿಗೆ 3ರಿಂದ 5 ಮಿಲಿಸೆಕೆಂಡಿನ ಫೇಡ್ ಕೊಡಿ. ಇಲ್ಲದಿದ್ದರೆ ಟಕ್ ಎಂಬ ಸದ್ದು ಉಳಿದೀತು.

7. ರೆಕಾರ್ಡಿಂಗ್

24 ಬಿಟ್, 48 ಕಿಲೋಹರ್ಟ್ಸ್ ಸಾಕು. ಮೊದಲು ಕ್ಲಿಕ್ ಮತ್ತು ತಂಬೂರಿ, ಅದರ ಮೇಲೆ ಕರಡು ಹಾಡುಗಾರಿಕೆ, ಆಮೇಲೆ ಡ್ರಮ್, ಬೇಸ್, ಗಿಟಾರ್, ಕೊನೆಗೆ ಕಂಠ. ಕರಡು ಹಾಡುಗಾರಿಕೆ ಇಲ್ಲದೆ ಡ್ರಮ್ ಹೊಡೆದರೆ ಮಾತ್ರೆಗಳ ಲೆಕ್ಕವೆಲ್ಲ ವ್ಯರ್ಥ.

ಮಾರಿಯ ಅಂಗಳಕ್ಕೆ ತಮಟೆ ಬೇಕೇ ಬೇಕು. ತಮಟೆಯ ಚರ್ಮ ಬೆಂಕಿಗೆ ಕಾಯಿಸಿದಾಗ ಬಿಗಿಯಾಗಿ ನುಡಿಯುತ್ತದೆ. ಎಸಿ ಕೋಣೆಗೆ ಬಂದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಸಡಿಲವಾಗುತ್ತದೆ. ಮೊದಲ ಟೇಕ್‌ಗೂ ಐದನೇ ಟೇಕ್‌ಗೂ ದನಿ ಬೇರೆಯಾದರೆ ನಡುವೆ ಕತ್ತರಿಸಿ ಜೋಡಿಸಲು ಬರುವುದಿಲ್ಲ. ಎಸಿ ನಿಲ್ಲಿಸಿ, ಹೊರಗೆ ಕಾಯಿಸುವ ವ್ಯವಸ್ಥೆ ಮಾಡಿ, ಪ್ರತಿ ಟೇಕ್‌ಗೂ ಮೊದಲು ಕಾಯಿಸಿ, ಹಾಡನ್ನು ಒಂದೇ ಏಟಿಗೆ ನುಡಿಸಿ. ಮೈಕ್ ಅರ್ಧ ಮೀಟರ್ ದೂರವಿರಲಿ. ಬಾರಿಸಲು ತಮಟೆಯನ್ನೇ ಬದುಕಾಗಿಸಿಕೊಂಡವರನ್ನು ಕರೆಯಿರಿ. ಅವರಿಗೆ ಡ್ರಮ್ಮರ್‌ನಷ್ಟೇ ಸಂಭಾವನೆ, ಆಲ್ಬಮ್ ಮೇಲೆ ಹೆಸರು, ಎರಡೂ ಸಲ್ಲಬೇಕು.

8. ಮಿಕ್ಸ್, ಮಾಸ್ಟರ್, ಬಿಡುಗಡೆ

ಡಿ-ಗೆ ಇಳಿಸಿದ ಗಿಟಾರ್, ಬೇಸ್ ಮತ್ತು ಕಿಕ್ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. ಗಿಟಾರ್‌ಗಳನ್ನು 80ರಿಂದ 100 ಹರ್ಟ್ಸ್ ಕೆಳಗೆ ಕತ್ತರಿಸಿ ಆ ನೆಲವನ್ನು ಬೇಸ್‌ಗೆ ಬಿಟ್ಟುಕೊಡಿ. ಕನ್ನಡದ ವ್ಯಂಜನಗಳು ಸ್ಪಷ್ಟವಾಗುವುದು 2ರಿಂದ 4 ಕಿಲೋಹರ್ಟ್ಸ್ ನಡುವೆ. ಹಾಡು ನಡೆಯುವಾಗ ಗಿಟಾರ್‌ಗಳನ್ನು ಅಲ್ಲಿ 2-3 ಡಿಬಿ ತಗ್ಗಿಸಿ.

ಎಲ್ಲ ಹಾಡನ್ನೂ ಒಂದೇ ಗಟ್ಟಿತನಕ್ಕೆ ಏರಿಸಬೇಡಿ. ‘ವಿಷ’ ಮೆಲುದನಿಯ ಹಾಡು, ‘ಹಿಟ್ಟಿನ ಕೋಳಿ’ಯಷ್ಟೇ ಜೋರಾದರೆ ಕಥೆ ಸತ್ತಿತು. ಹತ್ತೂ ಹಾಡನ್ನು ಒಂದೇ ಪ್ರಾಜೆಕ್ಟ್‌ನಲ್ಲಿಟ್ಟು ಮಾಸ್ಟರ್ ಮಾಡಿಸಿ, ಟ್ರೂ ಪೀಕ್, ಅಂದರೆ ಸದ್ದಿನ ತುತ್ತತುದಿ, ಮೈನಸ್ 1 ಡಿಬಿ ಮೀರದಿರಲಿ. ವಿನೈಲ್‌ನಲ್ಲಿ ಸೂಜಿ ಒಳಕ್ಕೆ ಹೋದಂತೆ ಮೇಲಿನ ಸ್ವರಗಳು ಮಂಕಾಗುತ್ತವೆ, ಎರಡೂ ಬದಿಯ ಕೊನೆಗೆ ಮೆಲುಹಾಡು ಬಂದಿರುವುದು ಅದಕ್ಕೂ ಅನುಕೂಲ.

ಎರಡನೇ ಬದಿಯ ಹಾಡುಗಳು ಒಂದರೊಳಗೊಂದು ಹರಿಯಬೇಕು, ಸಾವಿಗೂ ಮುಂದಿನ ಹುಟ್ಟಿಗೂ ನಡುವೆ ಬಿಡುವಿಲ್ಲ. ಎಂಪಿ3 ಎನ್‌ಕೋಡರ್ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಸುವುದರಿಂದ ಹರಿವು ತುಂಡಾಗುತ್ತದೆ. ವಿತರಕರಿಗೆ ವೇವ್ ಅಥವಾ ಫ್ಲ್ಯಾಕ್ ಫೈಲನ್ನೇ ಕೊಡಿ. ಸಿಡಿ ಒತ್ತಿಸುವುದಾದರೆ 44.1 ಕಿಲೋಹರ್ಟ್ಸ್‌ಗೆ ಇಳಿಸಿ, 588 ಸ್ಯಾಂಪಲ್‌ಗಳ ಗುಣಕದಲ್ಲೇ ಹಾಡುಗಳನ್ನು ಕತ್ತರಿಸಿ. ಸಿಡಿಯ ಒಂದು ಫ್ರೇಮ್ ಅಷ್ಟಿರುತ್ತದೆ. ಪ್ರತಿ ಹಾಡಿಗೂ ಆ ಧ್ವನಿಮುದ್ರಣವನ್ನು ಗುರುತಿಸುವ ಬೇರೆ ಐಎಸ್‌ಆರ್‌ಸಿ ಸಂಖ್ಯೆ ಬೇಕು. ಸಾಹಿತ್ಯ ಬರೆದವರು, ಸ್ವರ ಹಾಕಿದವರು ಗೌರವಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಲಿ, ಪಾಲು ಯಾರಿಗೆಷ್ಟು ಎಂಬುದನ್ನು ಬಿಡುಗಡೆಗೆ ಮೊದಲೇ ಬರೆದು ಸಹಿ ಹಾಕಿಕೊಳ್ಳಿ.

ಮುಖಪುಟಕ್ಕೆ ದಿಗಂಬರ ಮುನಿಗಳ ಚಿತ್ರ, ರಕ್ತ ಚಿಮ್ಮುವ ಮಾರಿ, ಎರಡೂ ಬೇಡ. ಮೊದಲನೆಯದು ಜೈನರಿಗೆ ಆರಾಧ್ಯ, ಎರಡನೆಯದು ಊರೂರಿನ ತಾಯಿ. ಮರದ ಮಣೆಯ ಮೇಲೆ ಹಿಟ್ಟಿನ ಒಂದು ಕೋಳಿ ಸಾಕು. ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಮಾಡಿ, ಅರ್ಧ ತಾಸಿನೊಳಗೆ ಫೋಟೋ ತೆಗೆಯಿರಿ, ಒಣಗಿದರೆ ಕೊರಳಲ್ಲಿ ಬಿರುಕು ಬರುತ್ತದೆ.

9. ವೇದಿಕೆಯ ಮೇಲೆ

ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ನುಡಿಸಿ, ನಡುವೆ ಮಾತು ಬೇಡ. ಡ್ರಾಪ್ ಡಿ-ಯಲ್ಲೇ ಎಲ್ಲ ಹಾಡೂ ಇರುವುದರಿಂದ ಗಿಟಾರ್ ಬದಲಿಸುವ ಗೋಜಿಲ್ಲ, ಆದರೂ ಅದೇ ಶ್ರುತಿಗೆ ಹೂಡಿದ ಇನ್ನೊಂದು ಗಿಟಾರ್ ಪಕ್ಕದಲ್ಲಿರಲಿ. ಒಂಬತ್ತನೇ ಹಾಡಿನ ಕೋಳಿಯ ಕೂಗನ್ನು ಸ್ಯಾಂಪ್ಲರ್‌ನ ಒಂದೇ ಪ್ಯಾಡ್‌ಗೆ ಹಾಕಿ, ಬೆರಳೆತ್ತಿದ ತಕ್ಷಣ ಸದ್ದು ನಿಲ್ಲುವ ಗೇಟ್ ಮೋಡ್‌ನಲ್ಲಿಡಿ. ಆ ಪ್ಯಾಡನ್ನು ಚಂದ್ರಮತಿಯ ಹಾಡುಗಾರ್ತಿಯೇ ಒತ್ತಲಿ. ಅವಳು ಬೆರಳೆತ್ತಿದ ಕ್ಷಣಕ್ಕೆ ದೀಪಗಳೂ ಆರಬೇಕು, ಹಾಗಾಗಿ ಬೆಳಕಿನವರು ಕಂಪ್ಯೂಟರ್ ಕ್ಯೂಗೆ ಕಾಯದೆ ಅವಳ ಕೈ ನೋಡುತ್ತಿರಲಿ.